ಮಡಿಕೇರಿಯಿಂದ ಒಂದು ದಿನದಲ್ಲಿ ಮ್ಯೂಸಿಯಂ ನೋಡಿ ಬರಬೇಕು: ಮೈಸೂರೋ, ಮಂಗಳೂರೋ?

ಮಳೆಮನೆ:
ಎಲ್ಲರಿಗೂ ನಮಸ್ಕಾರ. ಮಗ ಆರನೇ ಕ್ಲಾಸು. ಶಾಲೆಯಲ್ಲಿ "ಹಳೆಯ ವಸ್ತು ಒಂದನ್ನು ನೋಡಿ, ಅದರ ಬಗ್ಗೆ ಬರೆದು ತನ್ನಿ" ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವನು ಮೊಬೈಲ್‌ನಲ್ಲಿ ಚಿತ್ರ ಹುಡುಕಿ ಐದು ನಿಮಿಷದಲ್ಲಿ ಮುಗಿಸಿಬಿಟ್ಟ. ನನಗೆ ಸಮಾಧಾನ ಆಗಲಿಲ್ಲ. ಪ್ರಾಣಿ, ಮೂಳೆ, ನಾಣ್ಯ, ಹಳೆ ಪಾತ್ರೆ ಎಲ್ಲ ಒಂದೇ ಕಡೆ ಇರುವ, ವಿಶ್ವವಿದ್ಯಾಲಯದವರು ನಡೆಸುವ ಮ್ಯೂಸಿಯಂ ತೋರಿಸಬೇಕು ಅಂತ ಆಸೆ. ಮುಂದಿನ ಶನಿವಾರ ಒಂದೇ ದಿನ ಸಿಗುತ್ತೆ. ಜೊತೆಗೆ ಮಾವ ಬರುತ್ತಾರೆ. 78 ವರ್ಷ, ಮಂಡಿ ನೋವು, ಮೆಟ್ಟಿಲು ಜಾಸ್ತಿ ಆಗಬಾರದು. ಮಗನಿಗೆ ಘಾಟಿ ಆಗಿಬರುವುದಿಲ್ಲ, ವಾಂತಿ. ಎಲ್ಲಿಗೆ ಹೋಗಲಿ?

ಕುಶಾಲನಗರದ ಟೀಚರ್:
ಮೈಸೂರು ಮೇಡಂ, ಎರಡು ಮಾತಿಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಮೈಸೂರು ವಿ.ವಿ.ಯ ಜಾನಪದ ವಸ್ತುಸಂಗ್ರಹಾಲಯ ಇದೆ. 1905ರ ಅರಮನೆ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಗಾಗಿ ಕಟ್ಟಿದ್ದು. ವಿ.ವಿ. ಕೊಂಡುಕೊಂಡದ್ದು 1959ರಲ್ಲಿ. ತೊಗಲು ಗೊಂಬೆ, ಸೋಮನ ಕುಣಿತದ ಮುಖವಾಡ, ಯಕ್ಷಗಾನದ ಕಿರೀಟ, ನೇಗಿಲು, ಬುಟ್ಟಿ, ಮೀನಿನ ಕೂಳಿ, ಆರೂವರೆ ಸಾವಿರಕ್ಕೂ ಹೆಚ್ಚು ವಸ್ತುಗಳು. ನಾನು ಬಿ.ಎಡ್. ಮಾಡುವಾಗ ಹೋಗಿದ್ದೆ. ಸೋಮನ ಮುಖದ ಮುಂದೆ ನಿಂತಾಗ ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿ ಸರಿದು ನಿಂತಿದ್ದೆ. ಆದರೆ ಕಟ್ಟಡ ಹಳೆಯದು, ದುರಸ್ತಿಗೆ ಅಂತ ಮುಚ್ಚಿರುವುದುಂಟು. ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಸಂಪಾಜೆ ಬಾಬು:
ಮಂಗಳೂರು ಅಕ್ಕ. ಸಂತ ಅಲೋಶಿಯಸ್‌ನ ಮ್ಯೂಸಿಯಂ, ಅಲೋಶಿಯಂ ಅಂತಾರೆ. 1913ರಿಂದ ಇದೆ. ನಿಮಗೆ ಬೇಕಾದ ಕಲಸುಮೇಲೋಗರ ಅಲ್ಲೇ ಇರೋದು. ತಿಮಿಂಗಿಲದ ಅಸ್ಥಿಪಂಜರ, ನಾಣ್ಯ, ಮಂಗಳೂರಿನ ಮೊದಲ ಕಾರು, ಮೊದಲ ಕಂಪ್ಯೂಟರು, ಎಲ್ಲ. ಪಕ್ಕದಲ್ಲೇ ಚಾಪೆಲ್. ಒಳಗಿನ ಗೋಡೆ, ಛಾವಣಿ ತುಂಬ ಚಿತ್ರ. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಬರೆದದ್ದು. ನಿಮ್ಮ ಮಾವ ಅಲ್ಲಿ ಬೆಂಚಿನ ಮೇಲೆ ಕೂತು ತಲೆ ಎತ್ತಿದರೆ ಸಾಕು.

ಒಂದು ತಿದ್ದುಪಡಿ:
ಅವರು ಕೇಳಿದ್ದು ವಿಶ್ವವಿದ್ಯಾಲಯದ ಮ್ಯೂಸಿಯಂ. ಅಲೋಶಿಯಸ್ ಕಾಲೇಜು.

ಸಂಪಾಜೆ ಬಾಬು:
2024ರಲ್ಲಿ ಡೀಮ್ಡ್ ವಿ.ವಿ. ಆಗಿದೆ ಸ್ವಾಮಿ. ನಿಮ್ಮ ತಿದ್ದುಪಡಿಗೆ ಒಂದು ತಿದ್ದುಪಡಿ.

ಒಂದು ತಿದ್ದುಪಡಿ:
ಸರಿ, ಒಪ್ಪಿದೆ. ಆದರೆ ಮ್ಯೂಸಿಯಂ ಶುರುವಾದಾಗ ಕಾಲೇಜೇ ಅಲ್ವಾ.

ಕಾಫಿಕಣ:
ಮೈಸೂರಿಗೇ ಹೋಗೋದಾದ್ರೆ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ನೋಡಿ. ಮಕ್ಕಳಿಗೆ ಮುಟ್ಟಿ ನೋಡೋಕೂ ಇದೆ. 1995ರದ್ದು. ಸೋಮವಾರ ರಜೆ.

ಒಂದು ತಿದ್ದುಪಡಿ:
ಅದು ಕೇಂದ್ರ ಸರ್ಕಾರದ್ದು. ವಿ.ವಿ.ಯದ್ದಲ್ಲ.

ಕಾಫಿಕಣ:
ಮಗು ಬೋರ್ಡ್ ಓದಿ ಅಳುತ್ತಾ?

ಕೋಟೆ ಬಾಗಿಲು:
ಎಲ್ಲರೂ ಮೈಸೂರು, ಮಂಗಳೂರು ಅಂತೀರಲ್ಲ, ಮಡಿಕೇರಿ ಕೋಟೆಯೊಳಗೆ ಇರುವುದನ್ನು ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. 1859ರ ಸೇಂಟ್ ಮಾರ್ಕ್ಸ್ ಚರ್ಚು, 1971ರಿಂದ ಸರ್ಕಾರಿ ವಸ್ತುಸಂಗ್ರಹಾಲಯ. ವೀರಗಲ್ಲು, ಜೈನ ಮೂರ್ತಿ, ಆಯುಧ ಎಲ್ಲ ಇವೆ. ನಮ್ಮವರು ಹೊರಗಿನ ಎರಡು ಗಾರೆ ಆನೆ ಮುಂದೆ ಸೆಲ್ಫಿ ತೆಗೆದು ವಾಪಸ್. ಒಳಗೆ ಹೋಗುವವರು ಪ್ರವಾಸಿಗಳು, ಅದೂ ಮಳೆ ಬಂದರೆ.

ಮಳೆಮನೆ:
ಕೈ ಎತ್ತಿದೆ. ಮೂರು ಸಲ ಹೋಗಿದ್ದೇವೆ. ಎರಡು ಸಲ ಮಳೆಗೆ.

ಬೆಟ್ಟಗೇರಿ ಬೈಕ್:
ಫೋನ್ ಮಾಡಿಯೇ ಹೋಗಿ, ದಯವಿಟ್ಟು. ಹೆಸರು ಬೇಡ, ಒಂದು ಕಡೆ ನಾವು ಐದು ಜನ ನೂರಿಪ್ಪತ್ತು ಕಿಲೋಮೀಟರ್ ಹೋಗಿ ಬೀಗ ನೋಡಿ ಬಂದೆವು. ಕಾವಲುಗಾರ "ಕೀ ಸಾಹೇಬರ ಹತ್ತಿರ, ಸಾಹೇಬರು ಮದುವೆಗೆ ಹೋಗಿದ್ದಾರೆ" ಅಂದ. ಕಿಟಕಿಯಿಂದ ಇಣುಕಿ ಒಂದು ಮೊಸಳೆಯ ಬಾಲ ನೋಡಿದೆವು. ಬಾಲ ಚೆನ್ನಾಗಿತ್ತು.

ಗೋಣಿಕೊಪ್ಪದ ಅಂಕಲ್:
ನಾನು ಹೋದ ವರ್ಷ ಮಗಳ ಹತ್ತಿರ ಇಂಗ್ಲೆಂಡಿಗೆ ಹೋಗಿದ್ದಾಗ ಆಕ್ಸ್‌ಫರ್ಡ್ ವಿ.ವಿ.ಯ ಎರಡು ಮ್ಯೂಸಿಯಂ ನೋಡಿದೆ. ಮೊದಲು ಪ್ರಾಕೃತಿಕ ಇತಿಹಾಸದ್ದು, ಮೇಲೆ ಗಾಜಿನ ಛಾವಣಿ, ಕೆಳಗೆ ಡೈನೋಸಾರ್ ಮೂಳೆ. ಡೋಡೋ ಹಕ್ಕಿಯ ಒಣಗಿದ ತಲೆ ಅವರ ಹತ್ತಿರ ಇದೆಯಂತೆ. 2018ರಲ್ಲಿ ಸ್ಕ್ಯಾನ್ ಮಾಡಿದಾಗ ಆ ತಲೆಬುರುಡೆಯಲ್ಲಿ ಸೀಸದ ಚರೆ ಸಿಕ್ಕಿತು. ಅಂದರೆ ಯಾರೋ ಗುಂಡು ಹೊಡೆದಿದ್ದಾರೆ. ಮುನ್ನೂರು ಚಿಲ್ಲರೆ ವರ್ಷ ಆದಮೇಲೆ ಗೊತ್ತಾಗಿದ್ದು! ನಮ್ಮ ಕಡೆ ಬೇಟೆ ಹಂಚಿಕೊಳ್ಳುವಾಗ ಹಲ್ಲಿಗೆ ಚರೆ ಸಿಕ್ಕರೆ ಬೈಯುತ್ತಿದ್ದರಲ್ಲ, ಅದು ನೆನಪಾಯಿತು.

ಅದರ ಹಿಂಬದಿಯ ಬಾಗಿಲು ದಾಟಿದರೆ ಪಿಟ್ ರಿವರ್ಸ್. 1884ರದ್ದು. ಒಳಗೆ ಮಬ್ಬುಗತ್ತಲು, ನಮ್ಮ ಅಟ್ಟದ ಹಾಗೆ. ದೇಶದ ಪ್ರಕಾರ ಜೋಡಿಸಿಲ್ಲ, ಕೆಲಸದ ಪ್ರಕಾರ ಜೋಡಿಸಿದ್ದಾರೆ. ಪ್ರಪಂಚದ ಬೀಗ ಎಲ್ಲ ಒಂದು ಕಡೆ, ದೋಣಿ ಎಲ್ಲ ಒಂದು ಕಡೆ, ದೀಪ ಎಲ್ಲ ಒಂದು ಕಡೆ. ಚೀಟಿಗಳಲ್ಲಿ ಎಷ್ಟೋ ಕೈಬರಹದವು, ಇರುವೆ ಸಾಲಿನಂಥ ಅಕ್ಷರ. ನಮ್ಮ ಕೊಡವರ ಬಾಗಿದ ಕತ್ತಿ, ಒಡಿಕತ್ತಿ, ಇದೆಯಾ ಅಂತ ಹುಡುಕುತ್ತಾ ಹೋದೆ. ಮೂರು ಮಹಡಿ. ಕಾಲು ಸೋತಿತು, ಮಗಳು ಎಳೆದುಕೊಂಡು ಹೋದಳು. ಹೇಳಬೇಕಾದ್ದು ಇದು: ಪಿಟ್ ರಿವರ್ಸ್ ಅನ್ನುವ ಜನರಲ್ ತನ್ನ ಸಂಗ್ರಹ ಕೊಡುವಾಗ ಒಂದು ಷರತ್ತು ಹಾಕಿದ್ದನಂತೆ. ಇದರ ಬಗ್ಗೆ ಪಾಠ ಹೇಳಲು ಒಬ್ಬ ಮೇಷ್ಟ್ರನ್ನು ನೇಮಿಸಬೇಕು ಅಂತ. ವಿ.ವಿ. ಮ್ಯೂಸಿಯಂ ಅಂದರೆ ಅದು. ಸಾಮಾನಿನ ಜೊತೆ ಮೇಷ್ಟ್ರು.

ಅರೆಭಾಷೆ ಅಣ್ಣ:
ಬೇರೆಯವರ ದೇಶದಿಂದ ಹೊತ್ತುಕೊಂಡು ಹೋಗಿ ಚೀಟಿ ಅಂಟಿಸಿದರೆ ಮ್ಯೂಸಿಯಂ. ನಾವು ಹೊತ್ತುಕೊಂಡು ಹೋದರೆ ಕಳ್ಳತನ.

ಗೋಣಿಕೊಪ್ಪದ ಅಂಕಲ್:
ಅದೂ ನಿಜ ತಮ್ಮ. ಅಮೆಜಾನ್ ಕಾಡಿನ ಕಡೆಯಿಂದ ತಂದ ಮನುಷ್ಯರ ಕುಗ್ಗಿಸಿದ ತಲೆಗಳನ್ನು 2020ರಲ್ಲಿ ಅವರೇ ಪ್ರದರ್ಶನದಿಂದ ತೆಗೆದರು.

ನೆಲ್ಲಕ್ಕಿ:
ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಹಳೇ ಪೀಚೆಕತ್ತಿ, ಒಡಿಕತ್ತಿ, ಅದನ್ನು ಬೆನ್ನ ಹಿಂದೆ ಸಿಕ್ಕಿಸುವ ತೋಡಂಗ್, ಎರಡು ದುಡಿ ವಾದ್ಯ ಇವೆ. ಒಬ್ಬ ಸಂಶೋಧಕರು ಬಂದು ವಿ.ವಿ. ಮ್ಯೂಸಿಯಂಗೆ ಕೊಡಿ ಅಂದರು. ಮನೆಯಲ್ಲಿ ಜಗಳವೇ ಆಯಿತು. ಒಡಿಕತ್ತಿ ಮದುವೆಯಲ್ಲಿ ಬಾಳೆ ಕಡಿಯಲು ಬೇಕು, ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಇಡಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಅದಕ್ಕೆ ಹೂವು ಯಾರು ಮುಡಿಸುತ್ತಾರೆ? ಕೊಡಲಿಲ್ಲ.

ಕಾಫಿಕಣ:
ಕೊಡದೆ ಈಗ ಹೇಗಿದೆ?

ನೆಲ್ಲಕ್ಕಿ:
ಒಂದು ದುಡಿಯ ಚರ್ಮ ಇಲಿ ತಿಂದಿದೆ. ಬೇಕಂತಲೇ ಕೇಳ್ತೀರಾ?

ತೋಟದ ಅಜ್ಜ:
ಎಲ್ಲ ಓದಿದೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಸಾಮಾನು ಹಾಳಾಗಲು ಶುರುವಾಗಿದ್ದು ಗ್ಯಾಸ್ ಒಲೆ ಬಂದಮೇಲೆ. ಮೊದಲು ಸೌದೆ ಒಲೆ. ವರ್ಷವಿಡೀ ಅಟ್ಟಕ್ಕೆ ಹೊಗೆ. ಬುಟ್ಟಿ, ಮೊರ, ಬಿದಿರು ಕುಕ್ಕೆ, ದುಡಿ ಎಲ್ಲ ಕಪ್ಪಾಗಿ ಹೊಳೆಯುತ್ತಿದ್ದವು, ಒಂದು ಹುಳ ಮುಟ್ಟುತ್ತಿರಲಿಲ್ಲ. ಈಗ ಅಡುಗೆಮನೆಗೆ ಟೈಲ್ಸ್, ಅಟ್ಟಕ್ಕೆ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಚರ್ಮ ಉಳಿಯುತ್ತದೆಯೇ? ಇಲಿಯನ್ನು ಬೈಯಬೇಡಿ.

ಕುಶಾಲನಗರದ ಟೀಚರ್:
ಅಜ್ಜ, ಇದನ್ನು ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ. ನಿಮ್ಮ ಹೆಸರಿನಲ್ಲೇ.

ಬೆಟ್ಟಗೇರಿ ಬೈಕ್:
ನಮ್ಮಲ್ಲಿ ಎರಡು ತಾಳೆಗರಿ ಕಟ್ಟು ಇದೆ. ಓದಲು ಬರುವುದಿಲ್ಲ. ಅಮ್ಮ ಪ್ರತಿ ಹಬ್ಬಕ್ಕೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಸರಿನಾ?

ಕುಶಾಲನಗರದ ಟೀಚರ್:
ಒದ್ದೆ ಬಟ್ಟೆ ಬೇಡವೇ ಬೇಡ! ಒಣ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಹಸ್ತಪ್ರತಿ ಸಂಗ್ರಹಗಳಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆಯನ್ನೋ ಸಿಟ್ರೊನೆಲ್ಲಾ ಎಣ್ಣೆಯನ್ನೋ ತೆಳ್ಳಗೆ ಸವರುತ್ತಾರೆ. ಗರಿ ಮೆತ್ತಗಾಗುತ್ತದೆ, ಹುಳ ಬರುವುದಿಲ್ಲ. ಅಕ್ಷರ ಕೊರೆದದ್ದು ಕಾಣದಿದ್ದರೆ ದೀಪದ ಮಸಿ ಸವರಿ ಒರೆಸುತ್ತಾರೆ, ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಆದರೆ ನೀವೇ ಮಾಡಲು ಹೋಗಬೇಡಿ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ ತೋರಿಸಿ. ಅದೂ ಮೈಸೂರು ವಿ.ವಿ.ಯದ್ದೇ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ, 1905ರಲ್ಲಿ. ಅದನ್ನೂ ಯಾರೋ ಒಬ್ಬ ಪಂಡಿತರು ತಂದು ಕೊಟ್ಟಿದ್ದರು.

ಬೆಟ್ಟಗೇರಿ ಬೈಕ್:
ನಮ್ಮದು ಅರ್ಥಶಾಸ್ತ್ರ ಆಗಿರಲ್ಲ. ಸಾಲದ ಲೆಕ್ಕ ಇರುತ್ತೆ.

ಒಂದು ತಿದ್ದುಪಡಿ:
ಅದೂ ಅರ್ಥಶಾಸ್ತ್ರವೇ.

ಹುಲಿ ಚರ್ಮ:
ನಮ್ಮ ಮನೆಯಲ್ಲಿ ಮುತ್ತಜ್ಜ ಹೊಡೆದ ಹುಲಿಯ ತಲೆ ಇತ್ತು. ಮೈಸೂರಿನ ವ್ಯಾನ್ ಇಂಗೆನ್ ಕಂಪನಿಯಲ್ಲಿ ಮಾಡಿಸಿದ್ದು. ಒಳಗೆ ಹುಲ್ಲು ತುಂಬಿದ್ದಲ್ಲ, ಕಾಗದದ ತಿರುಳಿನ ಅಚ್ಚು, ಅದರ ಮೇಲೆ ಹದ ಮಾಡಿದ ಚರ್ಮ. ಗಾಜಿನ ಕಣ್ಣು. ರಾತ್ರಿ ನೀರು ಕುಡಿಯಲು ಎದ್ದರೆ ಅದರ ಮುಂದೆ ಹಾದು ಹೋಗಬೇಕಿತ್ತು, ನಾನು ಹನ್ನೆರಡು ವರ್ಷದವರೆಗೆ ಬಾಯಾರಿಕೊಂಡೇ ಮಲಗಿದ್ದೇನೆ. ಮುತ್ತಜ್ಜನಿಗೆ ನರಿ ಮಂಗಲವೂ ಆಗಿತ್ತಂತೆ. ಗೊತ್ತಿಲ್ಲದವರಿಗೆ: ಹುಲಿ ಹೊಡೆದವನನ್ನು ಮದುಮಗನ ಹಾಗೆ ಕೂರಿಸಿ, ಪಕ್ಕದಲ್ಲಿ ಹುಲಿಯನ್ನು ತೂಗುಹಾಕಿ, ಊರವರೆಲ್ಲ ಅಕ್ಕಿ ಹಾಕಿ ಹರಸುತ್ತಿದ್ದರು.

ಕಾಫಿಕಣ:
ನರಿ ಮಂಗಲ ಅಂದ್ರೆ ನರಿ ಅಲ್ವಾ?

ನೆಲ್ಲಕ್ಕಿ:
ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಅಕ್ಕನ ಮಗ ಕನ್ನಡ ಪಾಠ ಗಟ್ಟಿಯಾಗಿ ಓದುತ್ತಿದ್ದ, ನರಿ ದ್ರಾಕ್ಷಿಗೆ ಹಾರಿತು, ಸಿಗಲಿಲ್ಲ ಅಂತ. ಅಜ್ಜ ಪೇಪರ್ ಕೆಳಗಿಟ್ಟು "ಯಾವ ಊರಿನ ಹುಲಿ ಅದು, ಹಣ್ಣು ತಿನ್ನೋದು?" ಅಂದರು.

ಕೋಟೆ ಬಾಗಿಲು:
ಆ ಹುಲಿ ತಲೆಗೆ ಪ್ರಮಾಣಪತ್ರ ಇದೆಯಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಗಲಾಟೆ ಆದಾಗ ಎಷ್ಟು ಜನ ಕುತ್ತಿಗೆ ಮುಟ್ಟಿ ನೋಡಿಕೊಂಡರೋ.

ಹುಲಿ ಚರ್ಮ:
"ಇತ್ತು" ಅಂತ ಬರೆದಿದ್ದೇನೆ, ನೋಡಿ. ಭೂತಕಾಲ.

ಮಕ್ಕಂದೂರು ಕಡೆ:
ಮ್ಯೂಸಿಯಂಗೆ ಕೊಡಬೇಕೋ ಬೇಡವೋ ಅನ್ನುವವರಿಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮ್ಮ ದೊಡ್ಡಮನೆ ಪೂರ್ತಿ ಹೋಯಿತು. ಜನ ಉಳಿದೆವು, ಅಷ್ಟೇ. ಮೂರು ತಿಂಗಳ ಮೇಲೆ ಜೆಸಿಬಿ ಮಣ್ಣು ತೆಗೆಯುವಾಗ ತೂಕ್ ಬೊಳ್ಚದ, ಅಂದರೆ ತೂಗುದೀಪದ, ಸರಪಳಿ ಸಿಕ್ಕಿತು. ದೀಪ ಸಿಗಲಿಲ್ಲ. ಸರಪಳಿಯ ಕೊಂಡಿ ಕೊಂಡಿಯಲ್ಲೂ ಕೆಂಪು ಮಣ್ಣು, ಹಲ್ಲುಜ್ಜುವ ಬ್ರಷ್ ಹಿಡಿದು ಅಮ್ಮ ಒಂದು ಮಧ್ಯಾಹ್ನ ತೊಳೆದರು. ದೀಪ ಹೇಗಿತ್ತು ಅಂತ ತೋರಿಸಲು ಒಂದು ಫೋಟೋ ಇಲ್ಲ. ಮದುವೆ ಆಲ್ಬಮ್‌ನಲ್ಲಿ ನಮ್ಮ ಚಿಕ್ಕಪ್ಪನ ತಲೆಯ ಹಿಂದೆ ಅರ್ಧ ಕಾಣುತ್ತೆ. ಕೊಡಬೇಡಿ, ಪರವಾಗಿಲ್ಲ. ಫೋಟೋ ತೆಗೆದು, ಯಾವುದು ಏನು ಅಂತ ಬರೆದಿಡಿ.

ನೆಲ್ಲಕ್ಕಿ:
ಈ ಭಾನುವಾರ ತೆಗೆಯುತ್ತೇನೆ. ಇಲಿ ತಿಂದ ದುಡಿಯದ್ದೂ.

ಅರೆಭಾಷೆ ಅಣ್ಣ:
ನಮ್ಮದೇ ಕೊಡಗು ವಿ.ವಿ. ಇದೆಯಲ್ಲ, ಚಿಕ್ಕ ಅಳುವಾರದಲ್ಲಿ, 2023ರಿಂದ. ಅಲ್ಲೇ ಒಂದು ಮ್ಯೂಸಿಯಂ ಮಾಡಲಿ. ಕೊಡವ, ಅರೆಭಾಷೆ, ಯರವ, ಕುಡಿಯ, ಎಲ್ಲರ ಸಾಮಾನೂ.

ಕೋಟೆ ಬಾಗಿಲು:
ಹೊಸ ವಿ.ವಿ.ಗಳನ್ನೇ ಮುಚ್ಚಬೇಕೋ ಬೇಡವೋ ಅಂತ 2025ರಲ್ಲಿ ಚರ್ಚೆ ಆಯಿತು. ಮೊದಲು ಮೇಷ್ಟ್ರು ಉಳಿಯಲಿ, ಆಮೇಲೆ ಸಾಮಾನು.

ಅರೆಭಾಷೆ ಅಣ್ಣ:
ಸಾಮಾನು ಇದ್ದರೆ ಮುಚ್ಚುವುದು ಕಷ್ಟ ಆಗುತ್ತೆ. ಅದಕ್ಕೇ ಹೇಳಿದ್ದು!

ಮತ್ತೆ ಮಳೆಮನೆ ಅಕ್ಕ, ಮಂಗಳೂರಿಗೆ ಹೋದರೆ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನೋಡಿ ಬನ್ನಿ. ಅಲೋಶಿಯಸ್ ಹತ್ತಿರವೇ. 1837ರಲ್ಲಿ ಸುಳ್ಯ ಕಡೆಯಿಂದ ರೈತರ ದಂಡು ಹೋಗಿ ಬ್ರಿಟಿಷರ ಬಾವುಟ ಇಳಿಸಿ ತಮ್ಮದು ಹಾರಿಸಿದ ಜಾಗ. ಅದೇ ಹೋರಾಟದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ನಮ್ಮ ಮಡಿಕೇರಿ ಕೋಟೆಯಲ್ಲಿ. ಮಗನಿಗೆ ಎರಡೂ ಕಡೆ ತೋರಿಸಿದ ಹಾಗಾಯಿತು.

ಮಳೆಮನೆ:
ಸರಿ, ಮಂಗಳೂರು. ಘಾಟಿಗೆ ಏನು ಮಾಡಲಿ ಹೇಳಿ.

ಸಂಪಾಜೆ ಬಾಬು:
ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಜಾಸ್ತಿಯೂ ತಿನ್ನಿಸಬೇಡಿ. ಮುಂದಿನ ಸೀಟು, ಮೊಬೈಲ್ ಬಂದ್, ಕೈಯಲ್ಲಿ ನಿಂಬೆಹಣ್ಣು. ಜೋಡುಪಾಲ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ. ಸುಳ್ಯದಲ್ಲಿ ನೀರುದೋಸೆ.

ತೋಟದ ಅಜ್ಜ:
ನಿಂಬೆ ಎಲೆ ಇನ್ನೂ ಒಳ್ಳೆಯದು.

ಕಾಫಿಕಣ:
ಪ್ಲಾಸ್ಟಿಕ್ ಕವರ್ ಎಲ್ಲಕ್ಕಿಂತ ಒಳ್ಳೆಯದು.

ಮಳೆಮನೆ:
ಹೋಗಿ ಬಂದೆವು! ಫೋನ್ ಮಾಡಿ ಕೇಳಿಕೊಂಡೇ ಹೋದೆವು. ವಾಂತಿ ಒಂದೇ ಸಲ, ಅದೂ ವಾಪಸ್ ಬರುವಾಗ. ಕವರ್ ಹೇಳಿದವರಿಗೆ ಧನ್ಯವಾದ.

ಮಗ ತಿಮಿಂಗಿಲದ ಬೆನ್ನುಮೂಳೆ ಎಣಿಸಲು ಹೋಗಿ ಮೂರು ಸಲ ಲೆಕ್ಕ ತಪ್ಪಿದ. ನಾಲ್ಕನೇ ಸಲ ನಾನೇ ಎಳೆದುಕೊಂಡು ಬಂದೆ. ಮಾವ ಮಾತ್ರ ಕಾರಿನ ಹತ್ತಿರದಿಂದ ಅಲ್ಲಾಡಲಿಲ್ಲ. 1906ರ ಫ್ರೆಂಚ್ ಕಾರು, ಡಿ ಡಿಯಾನ್ ಬೂಟಾನ್. ಮಾಲೀಕರು ಪಿ.ಎಫ್.ಎಕ್ಸ್. ಸಲ್ಡಾನ, ಕಾಫಿ ಕ್ಯೂರಿಂಗ್, ಅಂದರೆ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕೆಲಸ, ಮಾಡುತ್ತಿದ್ದವರು. ಅದು ಗೊತ್ತಾದದ್ದೇ ತಡ, ಮಾವ ಕೊಡೆ ಊರಿ ನಿಂತರು. ಅವರ ಅಜ್ಜನ ಕಾಲದಲ್ಲಿ ಕಾಫಿ ಮೂಟೆ ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ಮಂಗಳೂರಿಗೇ ಹೋಗುತ್ತಿತ್ತಂತೆ. ಕ್ಯೂರಿಂಗ್ ಎಲ್ಲ ಅಲ್ಲೇ. "ಇದರ ಒಂದು ಚಕ್ರ ನಮ್ಮ ತೋಟದ್ದು" ಅಂದರು. ಯಾವ ಚಕ್ರ ಅಂತ ಮಗ ಕೇಳಿದ. ಮಾವ ಸುತ್ತ ಒಂದು ಸಲ ನೋಡಿ, ಹಿಂದಿನ ಎಡಗಡೆಯದ್ದನ್ನು ತೋರಿಸಿದರು.

ಚಾಪೆಲ್‌ನಲ್ಲಿ ಅರ್ಧ ಗಂಟೆ ಸುಮ್ನೆ ಕೂತೆವು. ಬಾವುಟಗುಡ್ಡೆಗೂ ಹೋದೆವು.

ಪ್ರಾಜೆಕ್ಟ್‌ಗೆ ಮಗ ಮಂಗಳೂರಿನ ಯಾವ ವಸ್ತುವನ್ನೂ ಆರಿಸಲಿಲ್ಲ. ಮನೆಗೆ ಬಂದು ಅಟ್ಟದಿಂದ ಒಂದು ಅಳತೆಯ ಪಾತ್ರೆ ಇಳಿಸಿಕೊಂಡ. ಮಾವ ಹೇಳಿದರು, ಅವನು ಚೀಟಿ ಬರೆದ. ಫೋಟೋ ಹಾಕಿದ್ದೇನೆ. ಚೀಟಿಯಲ್ಲಿ ಇರುವುದು: "ಸೇರು. ಮರ, ಹಿತ್ತಾಳೆ ಪಟ್ಟಿ. ಭತ್ತ, ಅಕ್ಕಿ ಅಳೆಯಲು. ಪಟ್ಟಿ ಒಂದು ಕಡೆ ಸೀಳಿದೆ, ಅದು ತಾತ ಚಿಕ್ಕವರಿದ್ದಾಗ ಬೀಳಿಸಿದ್ದು, ಇವತ್ತೇ ಒಪ್ಪಿಕೊಂಡರು."

ಗೋಣಿಕೊಪ್ಪದ ಅಂಕಲ್:
ಆಕ್ಸ್‌ಫರ್ಡ್‌ನಲ್ಲಿ ಇಂಥ ಚೀಟಿ ಒಂದೂ ಇರಲಿಲ್ಲ.

ಮಕ್ಕಂದೂರು ಕಡೆ:
ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಸಿ. ಪೆನ್ನಿನ ಶಾಯಿ ನಮ್ಮ ಮಳೆಗಾಲಕ್ಕೆ ಹರಡುತ್ತೆ.

ಒಂದು ತಿದ್ದುಪಡಿ:
ಫೋಟೋದಲ್ಲಿ ಪಕ್ಕದ ಲೋಟಕ್ಕೆ ಹೋಲಿಸಿದರೆ ಸೇರು ಅನ್ನಿಸುವುದಿಲ್ಲ. ಪಾವು ಇರಬೇಕು. ನಾಲ್ಕು ಪಾವಿಗೆ ಒಂದು ಸೇರು.

ಮಳೆಮನೆ:
ಮಾವನಿಗೆ ಓದಿ ಹೇಳಿದೆ. ಈಗ ತಾತ ಮೊಮ್ಮಗ ಇಬ್ಬರೂ ಅಡುಗೆಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದಾರೆ. ನೆಲದ ಮೇಲೆಲ್ಲ ಅಕ್ಕಿ. ನಿಮ್ಮ ಮನೆ ಎಲ್ಲಿ ಅಂತ ಕೇಳುತ್ತಿದ್ದಾರೆ.